ಮ್ಯೂನಿಕ್ ಬಿಟ್ಟು ಆಸ್ಟಿನ್‌ಗೆ ಹೋಗಬೇಕೋ ಬೇಡವೋ: ಎರಡೂ ಕಡೆ ಇದ್ದವರು ಹೇಳಿ

ಎರಡು_ದೋಣಿ
ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೀತಿದೀನಿ. ಮ್ಯೂನಿಕ್‌ಗೆ ಬಂದು ನಾಲ್ಕು ವರ್ಷ ಆಯ್ತು. ಬ್ಲೂ ಕಾರ್ಡ್ ಅನ್ನೋ ಕೆಲಸದ ಪರವಾನಗಿಯಲ್ಲಿ ಬಂದೆ, ಬಿ1 (ಮಧ್ಯಮ ಹಂತದ) ಜರ್ಮನ್ ಪಾಸಾಗಿದ್ದರಿಂದ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಸಿಕ್ಕಿತು. ಈಗ ಕಂಪನಿಯವರು ಟೆಕ್ಸಾಸ್‌ನ ಆಸ್ಟಿನ್ ಆಫೀಸಿಗೆ ಎಲ್-1ಬಿ ವೀಸಾದಲ್ಲಿ (ಅದೇ ಕಂಪನಿಯೊಳಗಿನ ವರ್ಗಾವಣೆ ವೀಸಾ) ಹೋಗ್ತೀಯಾ ಅಂತ ಕೇಳಿದ್ದಾರೆ. ಉತ್ತರ ಕೊಡೋಕೆ ಒಂದು ತಿಂಗಳು ಗಡುವು.

ಲೆಕ್ಕ ಹೀಗಿದೆ. ಇಲ್ಲಿ ವರ್ಷಕ್ಕೆ 82,000 ಯೂರೋ. ತೆರಿಗೆ, ಹೆಲ್ತ್ ಇನ್ಶೂರೆನ್ಸ್, ಪಿಂಚಣಿ ವಂತಿಗೆ ಎಲ್ಲ ಕಳೆದು ಕೈಗೆ ಬರೋದು ತಿಂಗಳಿಗೆ 4,700 ಆಸುಪಾಸು. ಅದರಲ್ಲಿ ಎರಡು ರೂಮಿನ ಮನೆಗೆ 1,750 ಬಾಡಿಗೆ. ಅಲ್ಲಿ 1,50,000 ಡಾಲರ್. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಇನ್ಶೂರೆನ್ಸ್ ಪ್ರೀಮಿಯಂ ಕಳೆಯೋ ಮುಂಚೆ ತಿಂಗಳಿಗೆ ಸುಮಾರು ಹತ್ತು ಸಾವಿರ ಡಾಲರ್ ಕೈಗೆ. ಮಗಳಿಗೆ ಆರು ವರ್ಷ, ಸೆಪ್ಟೆಂಬರ್‌ಗೆ ಒಂದನೇ ಕ್ಲಾಸು. ಹೆಂಡತಿ ಸದ್ಯ ಕೆಲಸ ಮಾಡ್ತಿಲ್ಲ.

"ಜೀವನದ ಗುಣಮಟ್ಟ" ಅಂತ ಎಲ್ಲರ ಬಾಯಲ್ಲೂ ಕೇಳ್ತೀನಿ. ಅದು ಎಲ್ಲಿ ಜಾಸ್ತಿ? ಗೂಗಲ್ ಮಾಡು ಅನ್ನಬೇಡಿ, ಮಾಡಿ ಆಗಿದೆ.

ಸೂಟ್‌ಕೇಸ್
ಎರಡೂ ಕಡೆ ಇದ್ದವನು ನಾನು. ಸ್ಟಟ್‌ಗಾರ್ಟ್‌ನಲ್ಲಿ ಆರು ವರ್ಷ, ಡಲ್ಲಾಸ್‌ನಲ್ಲಿ ಇದು ಐದನೇದು. ನನ್ನ ಕೇಳಿದರೆ, ಹೊರಡಿ.

ಜರ್ಮನಿಯಲ್ಲಿ ನಮ್ಮ ಮೊದಲ ಬಾಡಿಗೆ ಮನೆಯ ಬೀಗ ತೆಗೆದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಡುಗೆಮನೆ ಅಂತ ಇದ್ದದ್ದು ನಾಲ್ಕು ಗೋಡೆ, ಗೋಡೆಯಿಂದ ಮೂತಿ ಚಾಚಿದ ಒಂದು ನಲ್ಲಿ ಪೈಪು, ಒಲೆಗೆ ಅಂತ ಟೇಪು ಸುತ್ತಿ ಬಿಟ್ಟಿದ್ದ ದಪ್ಪ ವೈರು. ಸಿಂಕಿಲ್ಲ, ಕಟ್ಟೆಯಿಲ್ಲ, ಮೇಲೆ ಬಲ್ಬಿನ ಹೋಲ್ಡರೂ ಇಲ್ಲ. ಹಿಂದಿದ್ದವರು ಇಡೀ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿದ್ದರು. ಅಲ್ಲಿ ಅದೇ ರೂಢಿಯಂತೆ! ಹನ್ನೊಂದು ದಿನ ಬಾತ್‌ರೂಮಿನ ಬೇಸಿನ್ನಲ್ಲಿ ಪಾತ್ರೆ ತೊಳೆದೆವು.

ಅದು ಬಿಡಿ, ನಗು ಬರೋ ವಿಷಯ. ನಗು ಬಾರದ ವಿಷಯ ಬೇರೆ ಇದೆ. ಆಫೀಸಿನ ಮೀಟಿಂಗ್ ಇಂಗ್ಲಿಷಲ್ಲಿ ನಡೆಯುತ್ತೆ, ತೀರ್ಮಾನ ಮಾತ್ರ ಆಮೇಲೆ ಕಾಫಿ ಮಷೀನ್ ಹತ್ತಿರ ಜರ್ಮನ್‌ನಲ್ಲಿ ಆಗಿರುತ್ತೆ. ಬಿ1 ಇಟ್ಟುಕೊಂಡು ಟೀಮ್ ಲೀಡ್ ಆಗಬಹುದೇನೋ, ಅದರ ಮೇಲಕ್ಕೆ ಏಣಿ ಇಲ್ಲ. ಆರು ವರ್ಷದಲ್ಲಿ ಪಕ್ಕದ ಮನೆಯವರು ನಮ್ಮ ಮನೆಯೊಳಗೆ ಬಂದದ್ದು ಒಂದೇ ಸಲ, ಅದೂ ಭಾನುವಾರ ಗೋಡೆಗೆ ಡ್ರಿಲ್ ಹಾಕಿದ್ದಕ್ಕೆ. ಚರ್ಮದ ಡಾಕ್ಟರ್ ಅಪಾಯಿಂಟ್‌ಮೆಂಟ್ ಕೇಳಿದರೆ ಮೂರು ತಿಂಗಳು ಆಚೆ. ಪ್ರೈವೇಟ್ ಇನ್ಶೂರೆನ್ಸ್ ಇದೆಯಾ ಅಂತ ಮೊದಲು ಕೇಳ್ತಾರೆ, ಇದ್ದರೆ ಮುಂದಿನ ವಾರವೇ ಸ್ಲಾಟ್ ಹುಟ್ಟಿಕೊಳ್ಳುತ್ತೆ.

ಡಲ್ಲಾಸ್‌ಗೆ ಬಂದ ಎರಡನೇ ವಾರಕ್ಕೆ ಮಗನ ಹುಟ್ಟುಹಬ್ಬಕ್ಕೆ ಏಳು ಮಕ್ಕಳು ಬಂದಿದ್ದವು. ನನ್ನ ಮ್ಯಾನೇಜರ್‌ನ ಮ್ಯಾನೇಜರ್ ನಮ್ಮ ಹಾಗೇ ಹೊರಗಿಂದ ಬಂದವರು. ಇಲ್ಲಿ ಯಾರೂ ನಿನ್ನ ಉಚ್ಚಾರಣೆ ತಿದ್ದಲ್ಲ.

ಹ್ಯಾಂಬರ್ಗ್_ಹಕ್ಕಿ
ಸೂಟ್‌ಕೇಸ್ ಅವರು ಹೇಳಿದ ಅಡುಗೆಮನೆ ಕಥೆ ನಮ್ಮದೂ ಹೌದು, ಡ್ರಿಲ್ ಕಥೆಯೂ ಹೌದು. ಆದರೆ ಡಾಕ್ಟರ್ ವಿಷಯಕ್ಕೆ ಒಂದು ಮಾತು. ಮನೆ ಡಾಕ್ಟರು ತುರ್ತು ಅಂತ ಚೀಟಿ ಮೇಲೆ ಕೋಡ್ ಹಾಕಿಕೊಟ್ಟರೆ 116117 ನಂಬರಿಗೆ ಫೋನ್ ಮಾಡಿ, ಅವರೇ ಸ್ಪೆಷಲಿಸ್ಟ್ ಹುಡುಕಿಕೊಡ್ತಾರೆ. ಗೊತ್ತಿಲ್ಲದೆ ಬಹಳ ಜನ ಒದ್ದಾಡ್ತಾರೆ.

ನಮ್ಮ ಮನೆಯವರಿಗೆ 2022ರಲ್ಲಿ ಬೆನ್ನಿನ ಆಪರೇಷನ್ ಆಯಿತು. ಹನ್ನೊಂದು ದಿನ ಆಸ್ಪತ್ರೆ, ಆಮೇಲೆ ಮೂರು ವಾರ ಪುನಶ್ಚೇತನ ಕೇಂದ್ರ, ಒಟ್ಟು ಐದು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಮೊದಲ ಆರು ವಾರ ಕಂಪನಿ ಪೂರ್ತಿ ಸಂಬಳ ಕೊಟ್ಟಿತು, ಕಾನೂನು ಹಾಗೇ ಇದೆ. ಆಮೇಲೆ ಇನ್ಶೂರೆನ್ಸಿನಿಂದ ಒಟ್ಟು ಸಂಬಳದ 70 ಪರ್ಸೆಂಟ್ ಲೆಕ್ಕದಲ್ಲಿ ಬಂತು. ಆಸ್ಪತ್ರೆಯಿಂದ ಒಂದು ಲಕೋಟೆ ಬಂದಾಗ ನಾನು ತೆಗೆಯೋಕೇ ಹೆದರಿ ಎರಡು ದಿನ ಫ್ರಿಜ್ ಮೇಲೆ ಇಟ್ಟಿದ್ದೆ. ಒಳಗೆ ಇದ್ದ ಬಿಲ್ಲು 110 ಯೂರೋ. ದಿನಕ್ಕೆ ಹತ್ತರಂತೆ ಹನ್ನೊಂದು ದಿನಕ್ಕೆ. ವರ್ಷಕ್ಕೆ 28 ದಿನ ದಾಟಿದರೆ ಅದೂ ಇಲ್ಲ.

ಆಗ ನಾನೂ ಕೆಲಸದಲ್ಲಿರಲಿಲ್ಲ. ನಾನು, ಇಬ್ಬರು ಮಕ್ಕಳು ಅವರ ಇನ್ಶೂರೆನ್ಸಿನಲ್ಲೇ ಇದ್ದೆವು, ಒಂದು ಸೆಂಟೂ ಹೆಚ್ಚಿಗೆ ಕಟ್ಟದೆ. ಈ ವ್ಯವಸ್ಥೆಗೆ 1883ರಲ್ಲಿ ಬಿಸ್ಮಾರ್ಕ್ ಕಾಲದಲ್ಲಿ ಬುನಾದಿ ಬಿದ್ದದ್ದು. ಸಂಬಳದ ಚೀಟಿ ನೋಡಿ ಪ್ರತಿ ತಿಂಗಳು ಬೈಯ್ಯೋದು ನಾನೂ ಬೈತೀನಿ. ಆದರೆ ಆ ಐದು ತಿಂಗಳಲ್ಲಿ ನಾವು ಉಳಿತಾಯಕ್ಕೆ ಕೈ ಹಾಕಲಿಲ್ಲ.

ಸೂಟ್‌ಕೇಸ್
ಮೇಡಂ, ಅದನ್ನು ಅಲ್ಲಗಳೆಯಲ್ಲ. ಆದರೆ ಅಮೆರಿಕ ಅಂದಕೂಡಲೇ ಆಸ್ಪತ್ರೆಗೆ ಹೋದವರೆಲ್ಲ ದಿವಾಳಿ ಅನ್ನೋ ಹಾಗೆ ಮಾತಾಡ್ತಾರೆ. ಒಳ್ಳೆ ಕಂಪನಿಯಲ್ಲಿದ್ದರೆ ವರ್ಷದ ಖರ್ಚಿಗೆ ಒಂದು ಮಿತಿ ಇರುತ್ತೆ, ಅದು ಮುಟ್ಟಿದ ಮೇಲೆ ನೆಟ್‌ವರ್ಕಿನೊಳಗಿನ ಚಿಕಿತ್ಸೆಯ ಖರ್ಚು ಇನ್ಶೂರೆನ್ಸಿನದ್ದು. ನೆಟ್‌ವರ್ಕ್ ಆಚೆಯ ಎಮರ್ಜೆನ್ಸಿ ಡಾಕ್ಟರ್ ತಲೆಮೇಲೆ ಬಿಲ್ಲು ಹಾಕೋದನ್ನೂ 2022ರಿಂದ ಕಾನೂನು ತಡೆದಿದೆ. ರಸ್ತೆ ಆಂಬುಲೆನ್ಸ್ ಮಾತ್ರ ಆ ಕಾನೂನಿನ ಆಚೆ ಉಳಿದುಬಿಟ್ಟಿದೆ, ಅದೊಂದು ನಾಚಿಕೆಗೇಡು. ನನಗೆ ಮಂಡಿ ಸ್ಕ್ಯಾನ್ ಆಗಿದ್ದು ಕೇಳಿದ ನಾಲ್ಕನೇ ದಿನ. ಜರ್ಮನಿಯಲ್ಲಿ ಎಷ್ಟು ವಾರ ಕಾದಿದ್ದೆ ಅಂತ ಹೇಳಿದರೆ ನಿಮಗೇ ಬೇಜಾರಾಗುತ್ತೆ.

ಕಾಯುವವಳು
ಒಳ್ಳೆ ಕಂಪನಿಯಲ್ಲಿದ್ದರೆ. ಆ ಒಂದು ಪದದ ಮೇಲೆ ನಾನು ಬರೀಬೇಕು.

ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷ. ಎಚ್-1ಬಿ, ಅಂದರೆ ಕಂಪನಿ ಕೊಡಿಸೋ ಕೆಲಸದ ವೀಸಾ. ಗ್ರೀನ್ ಕಾರ್ಡ್ (ಅಮೆರಿಕದ ಕಾಯಂ ವಾಸ) ಅರ್ಜಿ ಇಬಿ-2 ಅನ್ನೋ ಉದ್ಯೋಗದ ವರ್ಗದಲ್ಲಿ, ಸಾಲಿಗೆ ಸೇರಿದ ತಾರೀಕು 2015ರದ್ದು, ಇನ್ನೂ ಸಾಲಿನಲ್ಲಿ ನಿಂತಿದ್ದೇವೆ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್, ಅದರಲ್ಲಿ ಒಂದೊಂದು ದೇಶಕ್ಕೆ 7 ಪರ್ಸೆಂಟ್ ಮಿತಿ. ಪುಟ್ಟ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಸಾಲು ಯಾಕೆ ಕರಗಲ್ಲ ಅಂತ ನೀವೇ ಲೆಕ್ಕ ಹಾಕಿ.

2023ರ ಜನವರಿಯಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಮರೆತಿದೀನೇನೋ ಅಂತ ಮೂರು ಸಲ ಹೊಡೆದೆ. ಆಮೇಲೆ ಪರ್ಸನಲ್ ಮೇಲ್ ನೋಡಿದೆ. ಅವತ್ತಿಂದ 60 ದಿನ. ಅಷ್ಟರೊಳಗೆ ಬೇರೆ ಕಂಪನಿ ನನ್ನ ಹೆಸರಲ್ಲಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಮನೆ, ಕಾರು, ಮಕ್ಕಳ ಸ್ಕೂಲು ಎಲ್ಲ ಕಟ್ಟಿಕೊಂಡು ಹೊರಡಬೇಕು. ಹೆಲ್ತ್ ಇನ್ಶೂರೆನ್ಸೂ ಕೆಲಸದ ಜೊತೆಗೇ ಹೋಯಿತು. ಕೋಬ್ರಾ ಅಂತ ಒಂದಿದೆ, ಹಳೇ ಇನ್ಶೂರೆನ್ಸನ್ನೇ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಾವೇ ಕಟ್ಟಬೇಕು, ಮೇಲೆ 2 ಪರ್ಸೆಂಟ್ ಖರ್ಚು ಬೇರೆ. ನಮಗೆ ತಿಂಗಳಿಗೆ 2,100 ಡಾಲರ್ ಬಂತು. ಕೆಲಸ ಇಲ್ಲದ ತಿಂಗಳಲ್ಲಿ!

51ನೇ ದಿನ ಹೊಸ ಕಂಪನಿ ಅರ್ಜಿ ಹಾಕಿತು, ಹಳೇ ಸಂಬಳಕ್ಕಿಂತ ಕಮ್ಮಿಗೆ. ಚೌಕಾಸಿ ಮಾಡುವ ಧೈರ್ಯ ಯಾರಿಗಿತ್ತು?

ಇನ್ನೊಂದು. ಮಗಳು ಇಲ್ಲಿಗೆ ಬಂದಾಗ ನಾಲ್ಕು ವರ್ಷದವಳು, ಈಗ ಹದಿನೆಂಟು. 21 ತುಂಬುವುದರೊಳಗೆ ನಮ್ಮ ಸರದಿ ಬರದಿದ್ದರೆ ಅವಳು ನಮ್ಮ ಅರ್ಜಿಯಿಂದ ಹೊರಗೆ ಬೀಳ್ತಾಳೆ. ಈ ದೇಶ ಬಿಟ್ಟು ಬೇರೆ ದೇಶ ಗೊತ್ತಿಲ್ಲದ ಹುಡುಗಿ ವಿದ್ಯಾರ್ಥಿ ವೀಸಾ ತಗೊಂಡು ವಿದೇಶಿಯಾಗಿ ಓದಬೇಕು. ಇಲ್ಲೇ ಹುಟ್ಟಿದ ಅವಳ ತಮ್ಮ ಅಮೆರಿಕದ ಪ್ರಜೆ. ಒಂದೇ ಊಟದ ಟೇಬಲ್ಲಿನಲ್ಲಿ ಮೂರು ಥರದ ಕಾಗದ.

ಎರಡು_ದೋಣಿ ಅವರೇ, ನಿಮ್ಮ ಆರು ವರ್ಷದ ಮಗಳೂ ಹೊರಗೇ ಹುಟ್ಟಿದವಳು ತಾನೇ?

ಎರಡು_ದೋಣಿ
ಹೌದು ಮೇಡಂ, ಅವಳು ಎರಡು ವರ್ಷದವಳಿದ್ದಾಗ ಮ್ಯೂನಿಕ್‌ಗೆ ಬಂದೆವು. ನೀವು ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳಬೇಕಂದ್ರೆ ನಾನು ಬರೀ 4,700 ಮತ್ತು 10,000ದ ನಡುವೆ ಓಡಾಡ್ತಿದ್ದೆ.

ಅರ್ಧ_ಜ್ಞಾನಿ
ಅಯ್ಯೋ ಇದಕ್ಕೆ ಸುಲಭ ದಾರಿ ಇದೆ. ಇನ್ನೊಂದು ವರ್ಷ ಮ್ಯೂನಿಕ್‌ನಲ್ಲೇ ಕೂತು ಜರ್ಮನ್ ಪಾಸ್‌ಪೋರ್ಟ್ ತಗೊಳ್ಳಿ. ಆಮೇಲೆ ಅಮೆರಿಕಕ್ಕೆ ಹೋದರೆ ಭಾರತದ ಕ್ಯೂ ಇಲ್ಲವೇ ಇಲ್ಲ, ಜರ್ಮನಿ ಕ್ಯೂನಲ್ಲಿ ಆರಾಮಾಗಿ ಗ್ರೀನ್ ಕಾರ್ಡ್.

ಕಾಗದಪತ್ರ
ಅಲ್ರೀ ಸರ್, ಹಂಗಿಲ್ಲ. ಆ ಕ್ಯೂ ಪಾಸ್‌ಪೋರ್ಟ್ ನೋಡಿ ಹಾಕೂದಲ್ಲ, ಹುಟ್ಟಿದ ದೇಶ ನೋಡಿ ಹಾಕ್ತಾರ. ಜರ್ಮನ್ ಪ್ರಜೆ ಆದ್ರೂ ಹುಟ್ಟಿದ್ದು ಭಾರತದಾಗ ಅಂದ್ರ ಭಾರತದ ಸಾಲೇ. ಹೆಂಡ್ತಿ ಬ್ಯಾರೆ ದೇಶದಾಗ ಹುಟ್ಟಿದ್ರ ಆಕಿ ದೇಶದ ಲೆಕ್ಕಕ್ಕ ಹೋಗಬಹುದು. ಮಕ್ಕಳು ಹುಟ್ಟಿದ ದೇಶ ತಂದಿ ತಾಯಿಗೆ ಉಪಯೋಗಕ್ಕ ಬರೂದಿಲ್ಲ. ಇದನ್ನ ಗೊತ್ತಿಲ್ದ ಎಷ್ಟ ಮಂದಿ ಮೋಸ ಹೋಗ್ಯಾರ.

ಆದ್ರ ಒಂದ್ ವರ್ಷ ಕೂಡ್ರಿ ಅನ್ನೂ ಮಾತು ಖರೇ ಐತಿ, ಕಾರಣ ಬ್ಯಾರೆ. ಜರ್ಮನಿ 2024ರ ಜೂನ್ 27ಕ್ಕ ಕಾನೂನು ಬದಲಿ ಮಾಡಿ ಪೌರತ್ವಕ್ಕ ಎಂಟು ವರ್ಷ ಇದ್ದದ್ದನ್ನ ಐದಕ್ಕ ಇಳಿಸ್ತು. ನಿಮಗ ನಾಲ್ಕ ಮುಗದೈತಿ. ಪಿಂಚಣಿ ಹಕ್ಕೂ ಸಾಮಾನ್ಯವಾಗಿ ಐದ ವರ್ಷ, ಅಂದ್ರ 60 ತಿಂಗಳ ವಂತಿಗೆ ತುಂಬಿದ ಮ್ಯಾಲೆನೇ. ನಾಲ್ಕಕ್ಕ ಎದ್ದು ಹೋದ್ರ ಎರಡೂ ಅರ್ಧಕ್ಕ ನಿಂತಂಗ. ನಿಮ್ಮ ಕಾಯಂ ಪರವಾನಗಿನೂ ಆರು ತಿಂಗಳಕ್ಕಿಂತ ಹೆಚ್ಚು ಹೊರಗಿದ್ರ ಸಾಮಾನ್ಯವಾಗಿ ರದ್ದಾಗ್ತದ. ಹೋಗೂದೇ ಆದ್ರ ಮೊದಲ ವಿದೇಶಿಯರ ಕಚೇರಿಯೊಳಗ ಹೆಚ್ಚಿನ ಗಡುವು ಬರಸ್ಕೊಂಡ ಹೋಗ್ರಿ.

ಮತ್ತ ಎಲ್-1ಬಿ ಅಂದ್ರ ಐದ ವರ್ಷ, ಮುಗೀತು. ಅದರಾಗ ಕಂಪನಿ ಬದಲಿ ಮಾಡಂಗಿಲ್ಲ. ಎಚ್-1ಬಿ ಆದ್ರ ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಅರ್ಜಿ (ಐ-140) ಮಂಜೂರಾದವ್ರಿಗೆ ಆರ ವರ್ಷದ ಮ್ಯಾಲೂ ಮುಂದುವರಸ್ತಾರ, ಎಲ್-1ಕ್ಕ ಆ ಸೌಲಭ್ಯ ಇಲ್ಲ. ಐದರೊಳಗ ಎಚ್-1ಬಿ ಲಾಟರಿ ಹತ್ತಲಿಲ್ಲ ಅಂದ್ರ ಗಂಟು ಮೂಟಿ ಕಟ್ಟಬೇಕು. ಜರ್ಮನ್ ಪಾಸ್‌ಪೋರ್ಟ್ ಕಿಸೆದಾಗ ಇದ್ರ ಅವತ್ತ ಹೊಳ್ಳಿ ಬರಾಕ ಒಂದ್ ದೇಶ ಇರ್ತದ. ಭಾರತದ ಪೌರತ್ವ ಬಿಡಬೇಕಾಗ್ತದ, ಯಾಕಂದ್ರ ಜರ್ಮನಿ ಎರಡು ಇಟ್ಕೋ ಅಂದ್ರೂ ಭಾರತ ಒಪ್ಪೂದಿಲ್ಲ. ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ತಗೋಬೇಕು. ಅದು ಮನಸಿಗೆ ಬಿಟ್ಟ ವಿಚಾರ.

ಸೂಟ್‌ಕೇಸ್
ಕಾಗದಪತ್ರ ಹೇಳಿದ್ದು ಸರಿ. ನಾನು ಸ್ಟಟ್‌ಗಾರ್ಟ್ ಬಿಟ್ಟಾಗ ಇನ್ನೂ ಎಂಟು ವರ್ಷದ ಕಾನೂನು. ಆರು ಮುಗಿಸಿ ಎದ್ದು ಬಂದೆ. ಈಗಿನ ಹಾಗೆ ಐದು ಇದ್ದಿದ್ದರೆ ಬಹುಶಃ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದೇ ಹೊರಡ್ತಿದ್ದೆ.

ಮೇಷ್ಟ್ರು_ಮಗ
ಮಗಳ ಸ್ಕೂಲಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಮ್ಯೂನಿಕ್ ಇರೋ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳನ್ನು ಜರಡಿ ಹಿಡೀತಾರೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೇದಿದ್ದರೆ ಜಿಮ್ನಾಸಿಯಂ, ಅಂದರೆ ವಿಶ್ವವಿದ್ಯಾಲಯದ ದಾರಿಯ ಸ್ಕೂಲು, 2.66ರವರೆಗೆ ಅದರ ಕೆಳಗಿನ ರಿಯಾಲ್‌ಶೂಲೆ. ಅಲ್ಲಿ 1 ಅಂದರೆ ಉತ್ತಮ, 6 ಅಂದರೆ ಫೇಲು. ಹತ್ತು ವರ್ಷದ ಮಗುವಿನ ಹಣೆಬರಹವನ್ನು ದಶಾಂಶದಲ್ಲಿ ಬರೆಯೋದು ನನಗಂತೂ ಸರಿ ಕಾಣಲ್ಲ. ಮನೆಯಲ್ಲಿ ಜರ್ಮನ್ ಆಡದ ಮಕ್ಕಳಿಗೆ ಇದು ದುಬಾರಿ. ಆಮೇಲೆ ದಾರಿ ಬದಲಿಸಬಹುದು ಅಂತಾರೆ, ಬದಲಿಸಬಹುದು ಕೂಡ, ಆದರೆ ಹತ್ತೋ ದಾರಿ ಕಡಿದು.

ಟೆಕ್ಸಾಸ್‌ನಲ್ಲಿ ಜರಡಿ ಬೇರೆ ಥರ, ಅದು ಮನೆ ವಿಳಾಸದ ಜರಡಿ. ಸ್ಕೂಲಿಗೆ ದುಡ್ಡಿನ ದೊಡ್ಡ ಪಾಲು ಆಸ್ತಿ ತೆರಿಗೆಯಿಂದ. ಒಳ್ಳೆ ಸ್ಕೂಲಿರೋ ಕಡೆ ಮನೆ ದುಬಾರಿ, ತೆರಿಗೆಯೂ ಭಾರಿ. ಆದಾಯ ತೆರಿಗೆ ಇಲ್ಲ ಅಂತ ಹಿಗ್ಗಬೇಡಿ, ಮನೆ ತಗೊಂಡ ದಿನ ಅದು ಹಿಂಬಾಗಿಲಿಂದ ಬರುತ್ತೆ. ಬಾಡಿಗೆಗೆ ಇದ್ದರೂ ಮಾಲೀಕ ಅದನ್ನು ನಿಮ್ಮಿಂದಲೇ ವಸೂಲಿ ಮಾಡ್ತಾನೆ. ಕಾಲೇಜಿನ ಮಾತು ಬೇಡವೇ ಬೇಡ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವೇ ಇಲ್ಲ.

ಹ್ಯಾಂಬರ್ಗ್_ಹಕ್ಕಿ
ಅಮೆರಿಕದ ಸ್ಕೂಲಿನಲ್ಲಿ ಯಾರಾದರೂ ಗುಂಡು ಹಾರಿಸೋಕೆ ಬಂದರೆ ಬಚ್ಚಿಟ್ಟುಕೊಳ್ಳೋ ಅಭ್ಯಾಸ ಮಾಡಿಸ್ತಾರಂತೆ, ನಿಜವಾ? ಸೂಟ್‌ಕೇಸ್ ಅವರೇ ಹೇಳಬೇಕು.

ಸೂಟ್‌ಕೇಸ್
ಮಾಡಿಸ್ತಾರೆ. ಮುಚ್ಚಿಡಲ್ಲ. ಮಗ ಮೊದಲನೇ ಸಲ ಮಾಡಿ ಬಂದ ದಿನ ಸೋಫಾದ ಹಿಂದೆ ಬಗ್ಗಿ ಕೂತು ತೋರಿಸಿದ. "ಲೈಟ್ ಆಫ್ ಮಾಡಿ, ಬಾಯಿ ಮುಚ್ಕೊಂಡು, ಬಾಗಿಲಿಗೆ ಕಾಣದ ಗೋಡೆ ಹತ್ತಿರ ಕೂರಬೇಕು ಅಪ್ಪ. ನನ್ನ ಶೂಗೆ ಲೈಟ್ ಇದೆ, ಅದಕ್ಕೆ ಟೀಚರ್ ಕಾಲು ಮಡಿಚಿ ಇಟ್ಕೋ ಅಂದ್ರು." ಮಾರನೇ ದಿನ ಆ ಶೂ ಬದಲಾಯಿಸಿದೆವು. ಅದರ ಬಗ್ಗೆ ನಾನು ಹೆಂಡತಿ ಮಾತಾಡಿಕೊಳ್ಳಲೇ ಇಲ್ಲ.

ರಜೆ ವಿಷಯವೂ ಹೇಳಿಬಿಡ್ತೀನಿ. ಸ್ಟಟ್‌ಗಾರ್ಟ್‌ನಲ್ಲಿ 30 ದಿನ ಇತ್ತು, ಇಲ್ಲಿ 15. ಜರ್ಮನಿಯಲ್ಲಿ ವಾರಕ್ಕೆ ಐದು ದಿನದ ಕೆಲಸಕ್ಕೆ ಕಾನೂನು ಪ್ರಕಾರ ಕನಿಷ್ಠ 20 ಸಂಬಳದ ರಜೆ. ಇಲ್ಲಿ ಕೇಂದ್ರ ಕಾನೂನಿನಲ್ಲಿ ಸೊನ್ನೆ, ಕಂಪನಿ ಕೊಟ್ಟರೆ ಉಂಟು. ಹೆರಿಗೆಗೂ ಅಷ್ಟೇ, 1993ರ ಕಾನೂನು ಕೊಡೋದು 12 ವಾರ, ಅದೂ ಸಂಬಳವಿಲ್ಲದ್ದು, ಅದೂ ಕನಿಷ್ಠ 50 ಜನ ಇರೋ ಕಂಪನಿಯಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ನಾನು ವಾಪಸ್ ಹೋಗಲ್ಲ. ಯಾಕಂದ್ರೆ ನನಗೆ ಈಗ ನಲವತ್ತು, ಆರೋಗ್ಯ ಗಟ್ಟಿಯಿದೆ, ಕೆಲಸ ಚೆನ್ನಾಗಿ ಹೋಗ್ತಿದೆ, ಇಲ್ಲಿ ಉಳಿಸೋದನ್ನು ಅಲ್ಲಿ ಕನಸಲ್ಲೂ ಉಳಿಸೋಕಾಗಲ್ಲ. ಇದು ಜೂಜು ಅಂತ ಗೊತ್ತು. ಸದ್ಯಕ್ಕೆ ಗೆಲ್ತಿದೀನಿ.

ಕಾಯುವವಳು
ನಿಮ್ಮ ಮಾತು ಒಪ್ಪಿದೆ. ನಾನೂ ಮೊದಲ ಹತ್ತು ವರ್ಷ ಗೆದ್ದಿದ್ದೆ.

ನನ್ನ ಲೆಕ್ಕ ಕೇಳಿದರೆ, ಅಮೆರಿಕ ಕೊಡೋ ಆ ಹೆಚ್ಚಿನ ಐದು ಸಾವಿರದಲ್ಲಿ ಒಂದು ಪಾಲು ಸಂಬಳ, ಇನ್ನೊಂದು ಪಾಲು ಕೆಟ್ಟ ದಿನ ಬಂದರೆ ನೀನೇ ನೋಡಿಕೋ ಅಂತ ಮುಂಗಡವಾಗಿ ಕೊಟ್ಟ ದುಡ್ಡು. ಅದನ್ನೂ ಸಂಬಳ ಅಂತ ಖರ್ಚು ಮಾಡಿದವರು ಕೆಡ್ತಾರೆ. ನಾವು ಮಾಡಿದ್ದು ಅದನ್ನೇ, ಮೂರು ಗ್ಯಾರೇಜಿನ ಮನೆ ತಗೊಂಡೆವು. ಜರ್ಮನಿಯಲ್ಲಿ ಕೆಲಸ ಹೋದರೆ ಮಕ್ಕಳಿರುವವರಿಗೆ ಕೈಗೆ ಬರುತ್ತಿದ್ದ ಸಂಬಳದ 67 ಪರ್ಸೆಂಟು, ಎರಡು ವರ್ಷ ವಂತಿಗೆ ಕಟ್ಟಿದ್ದರೆ ಒಂದು ವರ್ಷದವರೆಗೆ ಕೊಡ್ತಾರೆ ಅಂತ ನನ್ನ ತಂಗಿ ಹೇಳ್ತಾಳೆ, ಅವಳು ಬರ್ಲಿನ್‌ನಲ್ಲಿದ್ದಾಳೆ. ಕಾಯಂ ಪರವಾನಗಿ ಇರೋದ್ರಿಂದ ಕೆಲಸ ಹೋದರೂ ಅವಳನ್ನು ಯಾರೂ ಹೊರಡು ಅನ್ನಲ್ಲ.

ಎರಡು_ದೋಣಿ ಅವರೇ, ನಿಮ್ಮ ಶ್ರೀಮತಿ ಏನಂತಾರೆ? ಇಷ್ಟು ಉತ್ತರದಲ್ಲಿ ಅವರ ಸುದ್ದಿ ಒಂದೇ ಸಾಲು.

ಎರಡು_ದೋಣಿ
ನಾನು ಅವರ ಹೆಂಡತಿ, ಅವರದೇ ಅಕೌಂಟಿನಿಂದ ಬರೀತಿದೀನಿ. ಕೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕ. "ಹೆಂಡತಿ ಸದ್ಯ ಕೆಲಸ ಮಾಡ್ತಿಲ್ಲ" ಅನ್ನೋ ಸಾಲು ನಾನೂ ಓದಿದೆ.

ನಾನು ದಂತವೈದ್ಯೆ. ಭಾರತದಲ್ಲಿ ಐದು ವರ್ಷ ಪ್ರಾಕ್ಟೀಸ್ ಮಾಡಿದೀನಿ. ಎಲ್-2 ವೀಸಾದಲ್ಲಿ ಹೋದ ಹೆಂಡತಿಗೆ ಮೊದಲ ದಿನದಿಂದಲೇ ಕೆಲಸ ಮಾಡೋ ಹಕ್ಕಿದೆ ಅಂತ ಇವರು ಖುಷಿಯಿಂದ ತೋರಿಸಿದರು. ಹಕ್ಕಿದೆ, ಯಾವ ಕೆಲಸ? ಹಲ್ಲಿನ ಡಾಕ್ಟರಾಗಬೇಕಂದ್ರೆ ಅಲ್ಲಿ ರಾಷ್ಟ್ರೀಯ ಬೋರ್ಡ್ ಪರೀಕ್ಷೆ ಬರೆದು, ಮತ್ತೆ ಕಾಲೇಜಿಗೆ ಸೇರಿ, ಸಾಮಾನ್ಯವಾಗಿ ಎರಡು ವರ್ಷದ ಮೇಲೆ ಓದಬೇಕು. ಸೀಟು ಸಿಗಬೇಕು, ಫೀಸು ಕಟ್ಟಬೇಕು. ಇವರ ಆ ಹೆಚ್ಚಿನ ಐದು ಸಾವಿರ ಅಲ್ಲಿಗೇ ಹೋಗುತ್ತೆ. ಅಷ್ಟರಲ್ಲಿ ವೀಸಾದ ಅರ್ಧ ಮುಗಿದಿರುತ್ತೆ.

ಇಲ್ಲಿ ಮತ್ತೆ ಕಾಲೇಜು ಬೇಡ. ವೈದ್ಯಕೀಯ ಜರ್ಮನ್ ಪರೀಕ್ಷೆ, ಅದು ಸಿ1 ಮಟ್ಟದ್ದು, ಆಮೇಲೆ ನಮ್ಮ ಡಿಗ್ರಿ ಸಮ ಅಂತ ಒಪ್ಪದಿದ್ದರೆ ಜ್ಞಾನ ಪರೀಕ್ಷೆ. ನಾನು ಬಿ2 ಮುಗಿಸಿದೀನಿ. ಮೂರು ವರ್ಷದಿಂದ ಮಗಳನ್ನು ಕಿಟಾಗೆ (ಶಿಶುವಿಹಾರಕ್ಕೆ) ಬಿಟ್ಟು ಬೆಳಿಗ್ಗೆ ಕ್ಲಾಸಿಗೆ ಹೋಗ್ತಿದೀನಿ. ದವಡೆಗೆ, ಒಸಡಿಗೆ, ಬೇರಿಗೆ ಜರ್ಮನ್‌ನಲ್ಲಿ ಏನಂತಾರೆ ಅಂತ ಫ್ರಿಜ್ ತುಂಬ ಚೀಟಿ ಅಂಟಿಸಿದೀನಿ. ಮಗಳು ನನ್ನ ಉಚ್ಚಾರಣೆ ತಿದ್ದುತ್ತಾಳೆ, ಸೂಟ್‌ಕೇಸ್ ಅಣ್ಣ ಹೇಳಿದ ಹಾಗೆ ಇಲ್ಲಿ ತಿದ್ದೋರಿದ್ದಾರೆ. ಒಂಟಿತನ ಇಲ್ಲ ಅನ್ನಲ್ಲ, ಕಳೆದ ನವೆಂಬರ್‌ನಲ್ಲಿ ಮೂರು ವಾರ ಸೂರ್ಯನ ಮುಖ ನೋಡದೆ ಅತ್ತಿದೀನಿ. ಆದರೆ ಈಗ ಎದ್ದು ಹೋದರೆ ಆ ಚೀಟಿಗಳನ್ನೆಲ್ಲ ಕಿತ್ತು ಹಾಕಬೇಕು.

ಇವರಿಗೆ ಹೇಳಿದೀನಿ. ಇವರು ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಕಾಲಂ ಇಟ್ಟಿರಲಿಲ್ಲ.

ಕಾಯುವವಳು
ಬರೆದದ್ದು ಒಳ್ಳೇದಾಯ್ತು ತಂಗಿ. ನನಗೆ 2011ರಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಗದಪತ್ರ
ಮೇಡಂ, ಜ್ಞಾನ ಪರೀಕ್ಷೆಗೆ ಹೆಸರು ಈಗಲೇ ಹಚ್ಚಿಬಿಡ್ರಿ, ತಾರೀಕು ಸಿಗೂದ ತಡಾ. ಸರ್‌ಗೆ ಹೇಳ್ರಿ, ಪೌರತ್ವ ಪರೀಕ್ಷೆದಾಗ 33 ಪ್ರಶ್ನೆ, 17 ಸರಿ ಬಂದ್ರ ಸಾಕು. ಅದನ್ನ ಈ ತಿಂಗಳ ಬರದ ಇಟ್ಕೊಂಡ್ರ ಅರ್ಜಿ ಹಾಕೂ ದಿನ ಓಡಾಟ ತಪ್ತದ.

ಎರಡು_ದೋಣಿ
ಮತ್ತೆ ನಾನೇ, ಗಂಡ. ಕಾಲಂ ಹಾಕಿದೆ. ಶೀಟಿನಲ್ಲಿ ಕೆಳಗೆ ಬರುತ್ತಿದ್ದ ಮೊತ್ತಕ್ಕೆ ಇನ್ನು ಅರ್ಥವೇ ಉಳಿದಿಲ್ಲ.

ಎಚ್‌ಆರ್‌ನವರ ಜೊತೆ ನಿನ್ನೆ ಮಾತಾಡಿದೆ. ಒಂದು ವರ್ಷ ಮುಂದೂಡಬಹುದಾ ಅಂದೆ. ಮಾತು ಕೊಡೋಕಾಗಲ್ಲ, ಮುಂದಿನ ಬಜೆಟ್ ನೋಡೋಣ ಅಂದರು. ಸೂಟ್‌ಕೇಸ್ ಅವರ ಭಾಷೆಯಲ್ಲಿ ಅದು ಇಲ್ಲ ಅಂತ ಅರ್ಥ ಇರಬಹುದು, ಇರಲಿ. ಪೌರತ್ವ ಪರೀಕ್ಷೆಗೆ ಹೆಸರು ಕೊಟ್ಟಿದೀನಿ.

ಅಂದಹಾಗೆ ಮ್ಯೂನಿಕ್‌ನಲ್ಲಿ ಯಾರಾದರೂ ಮೂರು ರೂಮಿನ ಮನೆ ಖಾಲಿ ಮಾಡೋರಿದ್ದರೆ ಮೆಸೇಜ್ ಮಾಡಿ. ದಯವಿಟ್ಟು ಅಡುಗೆಮನೆ ಬಿಚ್ಚಬೇಡಿ, ದುಡ್ಡು ಕೊಡ್ತೀವಿ.